ಅವ್ವನ ಕಣ್ಣಿನ ಕೆಳರೆಪ್ಪೆ

ಚಿತ್ರದುರ್ಗ
9-2-2025, ಭಾನುವಾರ

ನನ್ನ ಹಟಮಾರಿ ಅವ್ವನಿಗೆ ಜಯಶೀಲಾಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಇಟ್ಟುಬಿಡುತ್ತೀ. ಅದಕ್ಕೇ ಬರೆದು ತಮ್ಮನ ಕೈಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವ ತನಕ ಎದುರಿಗೇ ಕುಳಿತಿರಬೇಕೆಂದು ಬೀರೇಶನಿಗೆ ತಾಕೀತು ಮಾಡಿದ್ದೇನೆ.

ಕಬ್ಬಿಣಾಂಶದ ಮಾತ್ರೆಗಳ ಕಥೆ ಗೊತ್ತಾಯಿತು. "ಅಕ್ಕಾ, ಅವ್ವ ಅವನ್ನೆಲ್ಲಾ ಬೆಲ್ಲದಾಗಿಟ್ಟು ಈದ ಕುರಿಗೆ ತಿನ್ಸವ್ಳೆ" ಎಂದು ಅವನು ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುರಿಯ ಕೆಳರೆಪ್ಪೆ ಎಳೆದು ನೋಡಿ, ಬಿಳಚಿಕೊಂಡಿದ್ದರೆ ರಕ್ತ ಕಡಿಮೆ ಎಂದು ನನಗೆ ಕಲಿಸಿದವಳೇ ನೀನು. ನಾನು ರಕ್ತನಿಧಿಯ ಕೆಲಸಕ್ಕೆ ಸೇರುವ ಎಷ್ಟೋ ವರ್ಷ ಮೊದಲೇ ಕಲಿಸಿದ್ದೆ. ಅರವತ್ತು ಕುರಿಗಳ ಕಣ್ಣು ನೋಡುವವಳು ಒಂದು ದಿನವಾದರೂ ಕನ್ನಡಿಯಲ್ಲಿ ನಿನ್ನ ಕಣ್ಣು ನೋಡಿಕೊಂಡೆಯಾ? ಹಿಮೋಗ್ಲೋಬಿನ್ ಆರಕ್ಕೆ ಇಳಿದಿದೆ. ಗರ್ಭಕೋಶದ ಗಡ್ಡೆ ತೆಗೆಯದಿದ್ದರೆ ರಕ್ತ ಹೋಗುವುದು ನಿಲ್ಲುವುದಿಲ್ಲ. ರಕ್ತ ಏರಿಸದೆ ಡಾಕ್ಟರು ಆಪರೇಷನ್ ಮಾಡುವುದಿಲ್ಲ. ಹೀಗೇ ಬಿಟ್ಟರೆ ನಿನ್ನನ್ನು ಕಳೆದುಕೊಳ್ಳುತ್ತೇನೆಂದು ನನಗೆ ಭಯ.

"ಯಾರ್ದೋ ಏನೋ, ಮೈಯಾಗೆ ಬಿಟ್ಕಂಡ್ರೆ ನಾನು ನಾನಾಗಿರ್ತೀನೇನೆ?" ಎಂದೆಯಲ್ಲ. ಕೇಳು. ಕುರಿ ಕೊಯ್ದಾಗ ನೀನು ರಕ್ತ ಹಿಡಿಯುವ ತಟ್ಟೆ ನೆನಪಿಸಿಕೋ. ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ, ಅಂಚಿನಲ್ಲಿ ಹಳದಿ ನೀರು ಬಿಡುತ್ತದೆ. ನಮ್ಮದೂ ಹಾಗೆಯೇ. ಗಾಯವಾದಲ್ಲಿ ರಕ್ತ ಕಟ್ಟಲು ಮೊದಲು ಓಡಿಬರುವವು ಪ್ಲೇಟ್‌ಲೆಟ್‌ಗಳು. ರೋಗದ ಮೇಲೆ ಬೀಳುವವು ಬಿಳಿ ಕಣಗಳು. ಇವನ್ನೂ, ಉಂಡ ಅನ್ನದ ಸಾರವನ್ನೂ ಹೊತ್ತು ಹರಿಯುವ ಹಳದಿ ನೀರಿಗೆ ನಾವು ಪ್ಲಾಸ್ಮಾ ಎನ್ನುತ್ತೇವೆ. ಇನ್ನು ಕೆಂಪು ಕಣಗಳು ಉಸಿರಿನ ಗಾಳಿಯನ್ನು ಮೈಗೆಲ್ಲಾ ಮುಟ್ಟಿಸುತ್ತವೆ. ನೀನು ನಾಲ್ಕು ಹೆಜ್ಜೆಗೇ ಏದುಸಿರು ಬಿಡುತ್ತಿರುವುದು ಅವು ಕಡಿಮೆಯಾಗಿ. ನಮ್ಮ ಯಂತ್ರ ರಕ್ತದ ಚೀಲವನ್ನು ಗಿರಗಿರನೆ ತಿರುಗಿಸಿ ಇವನ್ನು ಬೇರೆ ಮಾಡುತ್ತದೆ. ನಿನಗೆ ಏರಿಸುವುದು ಕೆಂಪು ಕಣ ಮಾತ್ರ. ಅವು ಬದುಕುವುದೂ ಹೆಚ್ಚೆಂದರೆ ನಾಲ್ಕು ತಿಂಗಳು. ಆಮೇಲೆ ನಿನ್ನ ಮೂಳೆಯೊಳಗೆ ಹುಟ್ಟಿದ ನಿನ್ನವೇ ಇರುತ್ತವೆ. ನಿನ್ನ ಬೈಗುಳ ಒಂದೂ ಕಡಿಮೆಯಾಗುವುದಿಲ್ಲ, ಅದಕ್ಕೆ ನಾನು ಜವಾಬ್ದಾರಿ.

ನನ್ನದನ್ನೇ ಕೊಡುತ್ತಿದ್ದೆ. ಹೊಟ್ಟೆಯಲ್ಲಿ ಹುಟ್ಟಿದವರ ಬಿಳಿ ಕಣ ಅಪರೂಪಕ್ಕೆ ತಾಯಿಯ ಮೈಮೇಲೇ ತಿರುಗಿ ಬೀಳಬಹುದೆಂದು ಡಾಕ್ಟರು ಬೇಡವೆಂದರು.

ಬುಧವಾರ ಶ್ರೀರಾಂಪುರದಿಂದ ಬೆಳಗಿನ ಬಸ್ಸು ಹತ್ತು. ಕುರಿಗಳನ್ನು ಓಬಣ್ಣ ಮಾವ ನೋಡಿಕೊಳ್ಳುತ್ತಾನೆ. ಬರುತ್ತೀಯಾ ಎಂದು ಕೇಳುತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ.

ನಿನ್ನಷ್ಟೇ ಹಟದ ಮಗಳು,
ಜಯಶೀಲಾ

ತಾ.ಕ.: ಒಂದು ವಿಷಯವನ್ನು ಮೂರು ವರ್ಷದಿಂದ ನಿನಗೆ ಹೇಳಿಲ್ಲ. ಪಾಪು ಹುಟ್ಟಿದ ದಿನ ನೀನು ಕೂಸನ್ನೆತ್ತಿಕೊಂಡು ಹೊರಗೆ ಕುಳಿತಿದ್ದೆ. ಒಳಗೆ ನನಗೆ ಎರಡು ಚೀಲ ರಕ್ತ ಏರಿಸಿದರು. ಯಾರದೆಂದು ನನಗೂ ಗೊತ್ತಿಲ್ಲ. ಬಾಣಂತನದಲ್ಲಿ ನೀನು ಪಕ್ಕದ ಮನೆ ಮಂಗಳಕ್ಕನಿಗೆ, "ನನ್ ಸಾರಿನ ಬಲ ನೋಡೇ, ಮಗಳ ಮಖ ಹೆಂಗೆ ಕೆಂಪಗಾಗೈತೆ" ಎಂದು ಹೇಳಿ ಬೀಗಿದ್ದೆ. ಆಗಲೂ ನಾನು ನಿನ್ನ ಮಗಳೇ ಆಗಿದ್ದೆನಲ್ಲವಾ ಅವ್ವ?