ಬಿಳಿಚುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ

ರಿಪ್ಪನ್‌ಪೇಟೆ
೧೩–೧೧–೧೯೭೮

ಪ್ರೀತಿಯ ಮಗಳೇ ವರದಾ,

ಟೀಚರ್ ಟ್ರೈನಿಂಗ್ ಹಾಸ್ಟೆಲಿನ ಊಟ ಸೇರುತ್ತಿದೆಯೇ? ಕೆಮ್ಮು ಹೋಯಿತೇ? ಅಮ್ಮ ಕಟ್ಟಿಕೊಟ್ಟ ಕಷಾಯದ ಪುಡಿಯನ್ನು ಸಾಗರದ ಗೆಳತಿಯರಿಗೆಲ್ಲ ಹಂಚದೆ ನೀನೂ ಒಂದಿಷ್ಟು ಕುಡಿ. ಇಲ್ಲಿ ಎಲ್ಲವೂ ಕ್ಷೇಮ, ನನ್ನ ಮಾನವೊಂದನ್ನು ಬಿಟ್ಟು.

ರಂಗದ ಮೇಲೆ ಸಿಂಹದ ಹಾಗೆ ಗರ್ಜಿಸಿದ ಈ ಗಜಾನನ ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ಕತ್ತೆಯ ಹಾಗೆ ಅರಚಿದ, ಮಗಳೇ! ನಿನ್ನನ್ನು ನೋಡಲು ಬಂದಿದ್ದ ತೀರ್ಥಹಳ್ಳಿಯವರನ್ನು ಬಸ್ಸು ಹತ್ತಿಸಲು ಹೋಗಿದ್ದೆನಷ್ಟೆ. ಆ ಇಂಗ್ಲಿಷ್ ಲೆಕ್ಚರರ್ ಹುಡುಗ ಸುಂದರೇಶ ತನ್ನ ಅಪ್ಪನ ಕಿವಿಯಲ್ಲಿ ‘ಶಿ ಬ್ಲಾಂಚ್ಡ್’ ಅಂದ. ನನ್ನ ಕಿವಿ ನಿನಗೆ ಗೊತ್ತಲ್ಲ, ಪರದೆ ಹಿಂದಿನ ಪಿಸುಮಾತನ್ನೂ ಬಿಡುವುದಿಲ್ಲ. ಪಕ್ಕದಲ್ಲೇ ಮಾಸ್ತಪ್ಪನ ಪುಸ್ತಕದಂಗಡಿ. ನುಗ್ಗಿ ಡಿಕ್ಷನರಿ ತೆಗೆಸಿದೆ. ‘ಬಿಳಿ ಮಾಡು’ ಅಂತ ಇತ್ತು. ಮುಂದಿನ ಸಾಲು ಓದುವ ತಾಳ್ಮೆ ಯಾರಿಗಿತ್ತು! ನಾಟಕದವನ ಮಗಳಲ್ಲವೇ, ಮುಖಕ್ಕೆ ವೇಷದ ಬಿಳಿ ಬಣ್ಣ, ಸಫೇದ ಬಳಿದು ತೋರಿಸಿದ್ದಾರೆ ಅಂತ ಆಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ‘ಎಲವೋ ಅಧಮಾ! ನನ್ನ ಮಗಳ ಬಣ್ಣ ದೇವರು ಕೊಟ್ಟದ್ದು, ಡಬ್ಬಿಯದಲ್ಲ!’ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಹುಡುಗನ ಅಪ್ಪ ‘ಬಾರೋ, ಈ ಸಂಬಂಧವೇ ಬ್ಯಾಡ’ ಅಂತ ಅವನನ್ನು ಎಳೆದುಕೊಂಡು ಹತ್ತಿದರು. ಮರುದಿನ ನೀನೂ ಸಾಗರಕ್ಕೆ ಹೊರಟೆ.

ನಿನ್ನೆ ಸುಬ್ಬರಾಯ ಮೇಷ್ಟ್ರು ಆ ಮಾತಿನ ಕುಲಗೋತ್ರವನ್ನೆಲ್ಲ ಬಿಚ್ಚಿದರು. ಫ್ರೆಂಚರು ಬಿಳಿಗೆ ‘ಬ್ಲಾಂ’ ಅಂತಾರಂತೆ. ಅದೇ ಇಂಗ್ಲಿಷಿಗೆ ಬಂದು, ಬಟ್ಟೆ ಬಿಳುಪು ಮಾಡುವುದಕ್ಕೂ ಆಯಿತಂತೆ, ಬಾದಾಮಿಯನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿಯುವುದಕ್ಕೂ ಆಯಿತಂತೆ. ‘ಮುಖಕ್ಕೆ ಹೇಳಿದ್ರೆ ಹೆದರಿ ಬಿಳಿಚಿಕೊಳ್ಳೋದು ಅಂತ ಅರ್ಥ, ಮಾರಾಯ’ ಅಂದರು. ಅಲ್ಲೇ ನನ್ನ ಸಿಪ್ಪೆ ಸುಲಿದುಹೋಯಿತು. ಎಷ್ಟು ನಟರ ಮುಖದ ಮೇಲೆ ಭಯವನ್ನು ಬರೆದ ಕೈ ಇದು! ನಮ್ಮ ಜಗುಲಿಯಲ್ಲೇ, ಬಣ್ಣವಿಲ್ಲದೆ ಮೂಡಿದ ಭಯ ಹೊರಗಿನ ಹುಡುಗನಿಗೆ ಕಂಡಿತು, ನನಗೆ ಕಾಣಲಿಲ್ಲ. ಈ ಮುಖವನ್ನು ಎಲ್ಲಿಡಲಿ?

ಅಮ್ಮನ ಆಶೀರ್ವಾದಗಳು. ನನ್ನದನ್ನೂ ಬೇಡವೆನ್ನಬೇಡ.

ನಿನ್ನ ಅಪ್ಪ,
ಗಜಾನನ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು. ಹುಡುಗನ ತಾಯಿ ‘ಮದುವೆಯಾದ್ಮೇಲೆ ಓದು ಗೀದು ಎಂತಕ್ಕೆ?’ ಅಂದಾಗ, ‘ನಾಳೆಯೇ ಬಿಡಿಸ್ತೀನಿ!’ ಅಂತ ಗುಡುಗಿದ್ದು ನಾನು. ನೀನು ಬಿಳಿಚಿಕೊಂಡದ್ದು ಆಗಲೇ ತಾನೆ? ಅವರ ಮಾತಿಗಲ್ಲ, ನನ್ನ ಮಾತಿಗೆ. ತೀರ್ಥಹಳ್ಳಿಗೆ ಹೋಗಿ ಕ್ಷಮೆ ಕೇಳುತ್ತೇನೆ, ಸಂಬಂಧ ಕೇಳುವುದಿಲ್ಲ. ನೀನು ಓದು.