ಮೂರು ಎಣಿಸುವಷ್ಟು ಮೌನ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆದಿಲ್ಲ, ಬೈಯಬೇಡ. ಭಾವನ ಮಂಡಿನೋವು ಹೇಗಿದೆ? ‘ನಾವೆಲ್ಲ ಚೆನ್ನಾಗಿದ್ದೇವೆ’ ಎಂದು ಬರೆದು ಎರಡು ಸಲ ಹರಿದು ಹಾಕಿದೆ. ನಿದ್ದೆಯಿಲ್ಲದೆ ಅಕ್ಷರವೂ ಕೆಟ್ಟಿದೆ, ಹೊಂದಿಸಿಕೊಂಡು ಓದು.

ಇಂಗ್ಲಿಷ್ ತರಗತಿ ನಡೆಯುತ್ತಿದೆ. ಹನ್ನೊಂದು ಜನ, ಎಲ್ಲರೂ ದೊಡ್ಡವರೇ. ಬರೆಯಿರಿ ಎಂದರೆ ಪುಟಗಟ್ಟಲೆ ಬರೆಯುತ್ತಾರೆ, ಮಾತಾಡಿ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೇ ನನ್ನ ದನಿಯಲ್ಲಿ ಪಾಠಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡತೊಡಗಿದೆ. ಒಂದು ವಾಕ್ಯ, ಆಮೇಲೆ ಮೂರು ಎಣಿಸುವಷ್ಟು ಮೌನ. ಆ ಮೌನದಲ್ಲಿ ಅವರು ಅದನ್ನೇ ಹೇಳಬೇಕು. ಫೋನಿನ ಮುಂದೆ ಯಾರಿಗೂ ನಾಚಿಕೆಯಿಲ್ಲ ನೋಡು.

ಪುಟ್ಟಿಗೆ ಮೂರು ತುಂಬುತ್ತಾ ಬಂತು, ಇನ್ನೂ ಒಂದು ಮಾತಿಲ್ಲ. ಕಿವಿ ಸರಿಯಿದೆ ಎಂದರು ಡಾಕ್ಟರು. ಅತ್ತೆಯದು ಒಂದೇ ರಾಗ: “ಇವಳಪ್ಪನೂ ತಡವಾಗೇ ಬಾಯ್ಬಿಟ್ಟಿದ್ದು, ಈಗ ಮುಚ್ಚೋದೇ ಇಲ್ಲ. ಸುಮ್ನಿರಮ್ಮ.”

ಸೋಮವಾರ ಹೊಸ ಪಾಠ ಹಾಕಿದೆ. “ದಿಸ್ ಈಸ್ ಎ ಡೋರ್” ಎಂದಿತು ನನ್ನ ದನಿ. ತರಗತಿ ಬಾಯಿ ತೆರೆಯುವ ಮೊದಲೇ, ಆ ಮೌನದೊಳಗಿಂದ ಒಂದು ಎಳೆಯ ದನಿ “ದಿಸ್ ಈಸ್ ಎ ಡೋರ್” ಎಂದಿತು. ಮುಂದಿನ ವಾಕ್ಯಕ್ಕೂ ಹಾಗೆಯೇ. ಅದರ ಮುಂದಿನದಕ್ಕೂ.

“ನಿಮ್ಮ ಮಗಳಾ ಮೇಡಂ?” ತರಗತಿಗೆ ಬರುವ ಬಸ್ ಡ್ರೈವರ್ ಒಬ್ಬರು ನಕ್ಕರು. “ನಾಳೆಯಿಂದ ಅವಳನ್ನೇ ಕಳಿಸಿಬಿಡಿ, ನೀವು ಮನೇಲಿ ಆರಾಮಾಗಿರಿ!”

ಎಲ್ಲರೂ ನಕ್ಕರು. ನಾನು ಪಾಠ ನಿಲ್ಲಿಸಿದೆ. ರೆಕಾರ್ಡ್ ಮಾಡುವಾಗ ನನ್ನ ಕಿವಿಗೆ ಹೆಡ್‌ಫೋನ್ ಇತ್ತು. ಅವಳು ಮೇಜಿನ ಕೆಳಗೆ ಕೂತಿದ್ದಳು. ನಾನು ಬೆರಳು ಮಡಿಸಿ ಎಣಿಸುತ್ತಿದ್ದಾಗಲೆಲ್ಲ ನನ್ನ ಮಗಳು ಮಾತಾಡಿದ್ದಳು, ನನಗೆ ಕೇಳಿಸಲಿಲ್ಲ.

ಮನೆಗೆ ಓಡಿಬಂದು ಅವಳನ್ನು ಎತ್ತಿಕೊಂಡು “ಮಾತಾಡು ಚಿನ್ನಾ” ಎಂದೆ. ನನ್ನ ತುಟಿಗಳನ್ನೇ ನೋಡಿದಳು, ಅಷ್ಟೇ.

“ನೀನು ಹೋದ ಮೇಲೆ ಅಳ್ತಾಳಲ್ಲ, ಅದಕ್ಕೆ ಆ ಹಳೇ ಫೋನಲ್ಲಿ ನಿನ್ನ ಪಾಠ ಹಾಕಿಡ್ತೀನಿ,” ಎಂದರು ಅತ್ತೆ. “ಒಬ್ಬಳೇ ಜಾಣೆ ಹಾಗೆ ಕೂತಿರ್ತಾಳೆ.”

ನಿನ್ನೆ ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಫೋನು ಗೋಡೆಗೆ ಒರಗಿತ್ತು. ಅವಳು ತಲೆ ವಾಲಿಸಿ ಕೇಳಿಸಿಕೊಳ್ಳುವಳು, “ದಿಸ್ ಈಸ್ ಎ ವಿಂಡೋ” ಎನ್ನುವಳು, ಮತ್ತೆ ತಲೆ ವಾಲಿಸುವಳು. ನನ್ನದೇ ರಾಗ, ನನ್ನದೇ ಏರಿಳಿತ. ನನ್ನ ದನಿ ಮಾತ್ರ ಎಲ್ಲೂ ಇರಲಿಲ್ಲ. ಒಳಗೆ ಹೋಗಿ ಫೋನ್ ಎತ್ತಿ ನೋಡಿದೆ. ಚಾರ್ಜ್ ಮುಗಿದು ಆಫ್ ಆಗಿತ್ತು.

ಒಂದು ವಾರ ಬಂದು ಇದ್ದು ಹೋಗೇ ಅಕ್ಕಾ. ನಿನ್ನ ಮಕ್ಕಳು ಸದಾ ಈಗಿನ ಹಾಗೇ ಮಾತಾಡಿ ಮಾತಾಡಿ ನಿನ್ನ ತಲೆ ತಿನ್ನುತ್ತಿರಲಿ. ಅದೇ ನನ್ನ ಹಾರೈಕೆ.

ನಿನ್ನ ತಂಗಿ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅವಳೆದುರು ಕೂತು, ನನ್ನ ಎದೆಯ ಮೇಲೆ ಬೆರಳಿಟ್ಟು, ಪಾಠದ ದನಿಯಲ್ಲೇ “ದಿಸ್ ಈಸ್ ಮದರ್” ಎಂದೆ. ಮೂರು ಎಣಿಸಿದೆ. ತರಗತಿಯಲ್ಲಿ ಯಾರಾದರೂ ತಪ್ಪು ಹೇಳಿದಾಗ ನಾನು ನಗುವ ಹಾಗೆಯೇ ನಕ್ಕಳು. ನನ್ನ ಬೆರಳನ್ನು ಹಿಡಿದು, ಮೆಲ್ಲಗೆ, ಆ ಹಳೇ ಫೋನಿನ ಕಡೆಗೆ ತಿರುಗಿಸಿದಳು.