ಕಸಿಯ ಕೆಳಗಿನ ಚಿಗುರು

ಅಮ್ಮಾ,

ನಿನ್ನ ಕೆಂಪು ಗುಲಾಬಿ ಸತ್ತುಹೋಗಿದೆ. ರಜೆಗೆ ಹಾಸ್ಟೆಲ್‌ನಿಂದ ಬಂದು ನೋಡಿದೆ: ಕಸಿ ಕಟ್ಟಿದ ಕೊಂಬೆ ಒಣಗಿ, ಅದಕ್ಕೆ ಬುಡವಾಗಿದ್ದ ಕಾಡುಗುಲಾಬಿ ಚಿಗುರಿ ಗೋಡೆಯೆತ್ತರ ಬೆಳೆದಿದೆ. ನೀನಿದ್ದಿದ್ದರೆ ಆ ಚಿಗುರನ್ನು ಮೊದಲೇ ಚಿವುಟಿ ಎಸೆಯುತ್ತಿದ್ದೆ. ಈಗ ಅದರ ತುಂಬ ಪೇಲವ ಹೂ, ಎಲೆಯಡಿ ಹಸಿರು ಗಿಡಹೇನಿನ ಜಿಗುಟು. ಥೂ, ಡಿಸ್ಗಸ್ಟಿಂಗ್!

ಅಪ್ಪ ಅದಕ್ಕೇ ದಿನಾ ನೀರು ಹಾಕುತ್ತಾರೆ. "ಬಣ್ಣ ಸ್ವಲ್ಪ ಬಿಟ್ಟಿದೆ ಅಷ್ಟೇ, ಅವಳದೇ ಗಿಡ" ಅನ್ನುತ್ತಾರೆ. ಅತ್ತೆ ಬೇರೆ, "ಅತ್ತಿಗೆನೇ ನಕ್ಕಂಗಿದೆ ಅಣ್ಣಾ" ಅಂತ ಸೆಲ್ಫಿ ತೆಗೆದುಕೊಂಡರು. ಅದು ನಿನ್ನ ಗಿಡವಲ್ಲ ಎಂದು ಹೇಳಲು ಹೋದವಳು ಕೊಳಾಯಿ ನಿಲ್ಲಿಸಿ ಒಳಗೆ ಬಂದೆ.

ಇವತ್ತು ಬುಡಕ್ಕೇ ಕತ್ತರಿ ಹಾಕೋಣ ಎಂದು ಬಗ್ಗಿದೆ. ಅಪ್ಪ ಹಿಂದಿನಿಂದ ಬಂದರು.

"ಅಮ್ಮನ ಫೋಟೋಗಾ ಮಗಳೇ? ಎರಡು ತಗೋ. ಕೈ ಜೋಪಾನ, ಮುಳ್ಳಿದೆ."

ಎರಡು ಹೂ ಕತ್ತರಿಸಿ ಅವರ ಕೈಗಿಟ್ಟೆ.